ಪದ ಪರಿಚಯ: ಕಸಿ

‘ಕಸಿ’ ಎಂದೊಡನೆ ನೆನಪಾಗುವುದು ಮಾವಿನ ಗಿಡ: ಬೇರುಸಸಿಯನ್ನು ಸೀಳಿ, ಒಳ್ಳೆಯ ತಳಿಯ ಕುಡಿಯನ್ನು ಕೂಡಿಸಿ, ಅಲುಗದಂತೆ ಕಟ್ಟುವ ಕೆಲಸ. ಇಂಗ್ಲಿಷಿನ ‘ಗ್ರಾಫ್ಟ್’ ಕೂಡ ತೋಟದಿಂದಲೇ ವೈದ್ಯಕ್ಕೆ ಬಂದದ್ದು. ಅದರ ಬೇರು ಬರೆಯುವ ಕಂಟವನ್ನು ಹೇಳುವ ಗ್ರೀಕ್ ಪದ. ಚೂಪಾಗಿ ಕೊಯ್ದ ಕುಡಿ ಕಂಟದಂತೆ ಕಂಡಿದ್ದೇ ಕಾರಣ.

ಹಲ್ಲಿನ ಇಂಪ್ಲಾಂಟ್ ಸುತ್ತ ತುಂಬುವ ಮೂಳೆಗೆ ಈ ಪದ ಒಪ್ಪುವುದೇ? ಮಾವಿನ ಕುಡಿ ಬದುಕಿ ತನ್ನದೇ ಹಣ್ಣು ಕೊಡುತ್ತದೆ. ಮೂಳೆಯ ಕಥೆ ಬೇರೆ. ನಾಯಿಗಳ ದವಡೆಯಲ್ಲಿ ನಡೆದ ಪ್ರಯೋಗಗಳಲ್ಲಿ, ಅದೇ ಪ್ರಾಣಿಯಿಂದ ತೆಗೆದಿಟ್ಟ ಮೂಳೆ ಬಹುಪಾಲು ಕರಗಿ, ಆ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ದನದ ಮೂಳೆಯಿಂದ ತಯಾರಿಸಿದ ಹರಳುಗಳಲ್ಲಂತೂ ಜೀವಕೋಶಗಳೇ ಇಲ್ಲ. ಅವು ಹೊಸ ಮೂಳೆಯ ನಡುವೆ ಬಹುಕಾಲ ಹಾಗೆಯೇ ಉಳಿಯುತ್ತವೆ. ಹೀಗಿರುವಾಗ ಇದು ಬರಿಯ ‘ತುಂಬಿಕೆ’ ಎನ್ನುವ ಆಕ್ಷೇಪದಲ್ಲಿ ಹುರುಳಿದೆ. ಆದರೂ ‘ಕಸಿ’ಯೇ ಸರಿಯಾದ ಪದ. ತುಂಬಿಕೆ ಗುಂಡಿಯನ್ನಷ್ಟೇ ನೋಡುತ್ತದೆ. ಕಸಿ ಬೆಸುಗೆಯನ್ನು ನೋಡುತ್ತದೆ. ಒತ್ತಾದ ಸ್ಪರ್ಶ, ಅಲುಗದ ಸ್ಥಿತಿ, ಆಶ್ರಯ ಕೊಟ್ಟ ದೇಹದ ಪೋಷಣೆ ಎರಡೂ ಕಡೆ ಬೇಕೇ ಬೇಕು. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿಟ್ಟ ನಿರ್ಜೀವ ಟೈಟಾನಿಯಂ ಕೂಡ ಬಿಡಿಸಲಾಗದಂತೆ ಬೆಸೆದುಕೊಂಡಿತು. ಇಲ್ಲಿ ಬೆಸೆಯುವ ಶಕ್ತಿ, ಬೇರುಸಸಿಯಂತೆ ಆಶ್ರಯ ಕೊಟ್ಟ ಮೂಳೆಯದು. ಪದ ನೆನಪಿಸಬೇಕಾದದ್ದೂ ಅದನ್ನೇ.