ಶಾಲೆಯ ಬಂದೂಕು, ಚೀಲದ ಚೂರಿ

ಕೊಲ್ಹಾಪುರ ಎಂದರೆ ನಮ್ಮ ಕರಾವಳಿಯವರಿಗೆ ಮೊದಲು ನೆನಪಾಗುವುದು ಚಪ್ಪಲಿ, ಆಮೇಲೆ ಬೆಲ್ಲ. ಆ ಜಿಲ್ಲೆಯ ಗಡಿಯಂಚಿನಲ್ಲಿ ಕನ್ನಡವೂ ಬದುಕಿದೆ. ದೂಧಗಂಗಾ ನದಿಯ ದಡದ ಸುಳಕೂಡ, ವಿದ್ಯುತ್ ಮಗ್ಗಗಳ ಇಚಲಕರಂಜಿ, ಗಡಹಿಂಗ್ಲಜ್ ಈ ಕಡೆಯ ಊರುಗಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಅಲ್ಲಿವೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಈ ಎರಡು ನಾಲಗೆಯ ಬದುಕು ಹೊಸತೇನಲ್ಲ.

ಆ ಸೀಮೆಯ ಇನ್ನೊಂದು ಸಂಗತಿಯೂ ನಮಗೆ ಪಾಠವಾಗುವಂಥದ್ದು. ಅಲ್ಲಿ ಮಕ್ಕಳ ಕೈಗೆ ಆಯುಧ ಬಂದ ಬಗೆ, ಹೋದ ಬಗೆ, ಮತ್ತೆ ಶಾಲೆಯ ಮೂಲಕವೇ ಬಂದ ಬಗೆಗೆ ದೊಡ್ಡ ಇತಿಹಾಸವಿದೆ. ಶಾಲಾ ಹುಡುಗರು ಚೂರಿ ಹಿಡಿದ ಸುದ್ದಿ ಓದಿ ಎದೆ ಝಲ್ಲೆನ್ನುವ ಈ ದಿನಗಳಲ್ಲಿ ಆ ಇತಿಹಾಸವನ್ನು ಒಮ್ಮೆ ನೋಡುವುದು ಒಳ್ಳೆಯದು.

ಗಡಹಿಂಗ್ಲಜ್ ಹತ್ತಿರ ಸಾಮಾನಗಡ ಎಂಬ ಕೋಟೆ ಇದೆ. ಕೊಲ್ಹಾಪುರ ಸಂಸ್ಥಾನದ ಕೋಟೆಗಳನ್ನು ಕಾಯುತ್ತಿದ್ದವರು ಗಡಕರಿಗಳು. ಕಾವಲಿಗೆ ಪ್ರತಿಯಾಗಿ ಅವರಿಗೆ ಭೂಮಿ ಇತ್ತು. ಕೆಲಸವೂ ಭೂಮಿಯೂ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಹಾಗಾಗಿ ಅಂಥ ಮನೆಯ ಹುಡುಗನಿಗೆ ಕತ್ತಿ ಹಿಡಿಯುವುದೇ ವಿದ್ಯೆ, ಅದನ್ನು ಕಲಿಸುವ ಅಪ್ಪ, ಅಜ್ಜನೇ ಗುರು. 1844ರಲ್ಲಿ ಬ್ರಿಟಿಷರ ಹಿಡಿತದ ಹೊಸ ಆಡಳಿತ ಈ ವ್ಯವಸ್ಥೆಗೆ ಕೈಹಾಕಿದಾಗ ಗಡಕರಿಗಳು ಸಾಮಾನಗಡದಲ್ಲಿ ದಂಗೆ ಎದ್ದರು. ಕಂಪೆನಿ ಸೈನ್ಯ ಅಕ್ಟೋಬರಿನಲ್ಲಿ ಕೋಟೆಯನ್ನು ಹಿಡಿಯಿತು. ಕೋಟೆಗಳನ್ನು ಕೆಡವಿದರು, ವಂಶಪಾರಂಪರ್ಯದ ಕಾವಲು ಪದ್ಧತಿಯನ್ನೇ ತೆಗೆದುಹಾಕಿದರು.

1857ರ ಜುಲೈ 31ರಂದು ಕೊಲ್ಹಾಪುರದಲ್ಲಿದ್ದ 27ನೇ ದೇಶೀ ಪದಾತಿ ದಳ ಬಂಡೆದ್ದಿತು. ಅದೇ ವರ್ಷ ಜನರ ಆಯುಧಗಳನ್ನು ಕಸಿಯುವ ಕಾಯ್ದೆ ಬಂತು. ಅದನ್ನು ಒಪ್ಪದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಕಥೆ ಕನ್ನಡ ಶಾಲೆಗೆ ಹೋದ ನಮಗೆಲ್ಲ ಗೊತ್ತು. 1878ರ ಆಯುಧ ಕಾಯ್ದೆ ಬಂದ ಮೇಲಂತೂ ಪರವಾನಗಿ ಇಲ್ಲದೆ ಬಂದೂಕು ಇಡುವುದು ಅಪರಾಧವಾಯಿತು.

ನಮ್ಮ ಪಕ್ಕದ ಮಲಬಾರಿನಲ್ಲಿ ಇದು ಇನ್ನೂ ಮೊದಲೇ ನಡೆದಿತ್ತು. ಭಾಷೆಯಲ್ಲಿ ನಮಗೆ ಹತ್ತಿರದವರಾದ ಮಾಪಿಳ್ಳೆಯರ ಯುದ್ಧಚೂರಿಯನ್ನು ನಿಷೇಧಿಸಲೆಂದೇ 1854ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಮಾಡಿದರು. ಸಾವಿರಗಟ್ಟಲೆ ಚೂರಿಗಳನ್ನು ವಸೂಲು ಮಾಡಿದರು. ಆ ಕೆಲಸ ಮಾಡಿಸಿದ ಕಲೆಕ್ಟರ್ ಕೊನೊಲಿ ಮರುವರ್ಷ ಸೆಪ್ಟೆಂಬರಿನಲ್ಲಿ ಕೋಝಿಕ್ಕೋಡಿನ ತನ್ನ ಬಂಗಲೆಯಲ್ಲೇ ಕೊಲೆಯಾದ. ಒಂದು ಜನಾಂಗದ ಹೆಸರನ್ನೇ ಕಾನೂನಿನಲ್ಲಿ ಬರೆದು ಅವರ ಸೊಂಟದ ಚೂರಿಯನ್ನು ಕಿತ್ತುಕೊಂಡ ಇತಿಹಾಸ ಇದು. ಚೂರಿ ಹಿಡಿದವನ ಜೊತೆ ಅವನ ಸಮುದಾಯವೂ ಕಟಕಟೆ ಹತ್ತುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ.

ಆಯುಧ ಹೋದ ಜಾಗಕ್ಕೆ ಕೊಲ್ಹಾಪುರದಲ್ಲಿ ಪುಸ್ತಕ ಬಂತು. ಶಾಹು ಮಹಾರಾಜರು 1906ರಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗೆ ವಸತಿಗೃಹ ತೆರೆದರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡುವ ಆಜ್ಞೆ ಹೊರಡಿಸಿದರು. ಹಳೆಯ ವಿದ್ಯೆಯೂ ಪೂರ್ತಿ ಅಳಿಯಲಿಲ್ಲ. ಕುಸ್ತಿಯ ತಾಲೀಮುಗಳು ಉಳಿದವು. ಕತ್ತಿ, ದಾಂಡಪಟ್ಟಾ, ಲಾಠಿ ಬೀಸುವ ‘ಮರ್ದಾನಿ ಖೇಳ’ ಉಳಿಯಿತು. ಇಂದಿಗೂ ಅಲ್ಲಿ ಶಾಲೆಗೆ ಹೋಗುವ ಹುಡುಗ ಹುಡುಗಿಯರು ಅದನ್ನು ಕಲಿಯುತ್ತಾರೆ. ಕಲಿಸಲು ವಸ್ತಾದ್ ಇರುತ್ತಾರೆ, ಆಟ ಮುಗಿದ ಮೇಲೆ ಕತ್ತಿ ತಾಲೀಮಿನಲ್ಲೇ ಉಳಿಯುತ್ತದೆ.

ಬಂದೂಕು ವಿದ್ಯಾರ್ಥಿಗಳ ಕೈಗೆ ಬಂದದ್ದು ಸರಕಾರದ ದಾರಿಯಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಕಾಲೇಜುಗಳಲ್ಲಿ ಯೂನಿವರ್ಸಿಟಿ ಕೋರ್ ಶುರುವಾಯಿತು. ಕವಾಯತು ಕಲಿಯುವ ವಿದ್ಯಾರ್ಥಿಗಳು ಒಂದು ಕಡೆ, ಸರಕಾರಕ್ಕೇ ಗುಂಡು ಹಾರಿಸುವ ವಿದ್ಯಾರ್ಥಿಗಳು ಇನ್ನೊಂದು ಕಡೆ. 1909ರಲ್ಲಿ ನಾಸಿಕದ ಕಲೆಕ್ಟರ್ ಜ್ಯಾಕ್ಸನ್‌ನನ್ನು ಕೊಂದ ಅನಂತ ಕಾನ್ಹೇರೆ ವಿದ್ಯಾರ್ಥಿ. 1931ರ ಜುಲೈ 22ರಂದು ಪುಣೆಯ ಫರ್ಗ್ಯುಸನ್ ಕಾಲೇಜಿನ ಗ್ರಂಥಾಲಯದೊಳಗೇ ಹಂಗಾಮಿ ಗವರ್ನರ್ ಹಾಟ್ಸನ್ ಮೇಲೆ ಗುಂಡು ಹಾರಿಸಿದ ವಾಸುದೇವ ಗೋಗಟೆ ಆ ಕಾಲೇಜಿನದೇ ವಿದ್ಯಾರ್ಥಿ. ಹಾಟ್ಸನ್ ಬದುಕಿಕೊಂಡ.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆಯಿಂದ ಎನ್‌ಸಿಸಿ ಹುಟ್ಟಿತು. 1949ರಲ್ಲಿ ಹುಡುಗಿಯರ ವಿಭಾಗವೂ ಬಂತು. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜು ಹುಡುಗರಿಗೆ ಅದು ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ನಮ್ಮ ಹಿರಿಯರಲ್ಲಿ ಆ ಕಾಲಕ್ಕೆ ಮಂಗಳೂರಿನ ಕಾಲೇಜುಗಳಲ್ಲಿ ಓದಿದವರಿದ್ದರೆ ಕೇಳಿ ನೋಡಿ, ಖಾಕಿ ಚಡ್ಡಿ, ಭಾರದ ಬೂಟಿನ ಕಥೆ ಹೇಳುತ್ತಾರೆ.

ಎನ್‌ಸಿಸಿಯ ಹುಡುಗರು ಗುರಿ ಕಲಿಯುವುದು .22 ರೈಫಲಿನಲ್ಲಿ. ತೂಕ ಆರು ಪೌಂಡಿಗೆ ಸ್ವಲ್ಪ ಮೇಲೆ, ಗುರಿಯ ದೂರ ಸುಮಾರು 25 ಗಜ. ಆದರೆ ರೈಫಲ್ ಇರುವುದು ಶಸ್ತ್ರಾಗಾರದ ಬೀಗದೊಳಗೆ. ಹೊರಗೆ ತೆಗೆದರೆ ನಂಬರು ಬರೆದು ಸಹಿ ಹಾಕಬೇಕು. ಗುಂಡುಗಳನ್ನು ಎಣಿಸಿ ಕೊಡುತ್ತಾರೆ, ಹಾರಿಸಿದ ಮೇಲೆ ಖಾಲಿ ತೋಟಾಗಳನ್ನು ಎಣಿಸಿ ವಾಪಸು ಪಡೆಯುತ್ತಾರೆ. ಒಂದು ಕಡಿಮೆಯಾದರೂ ಹುಲ್ಲಿನಲ್ಲಿ ಹುಡುಕಿಸುತ್ತಾರೆ.

ಈ ಶಿಸ್ತಿನಿಂದ ಕೊಲ್ಹಾಪುರಕ್ಕೆ ಬಂದ ಫಲ ಜಗತ್ತಿಗೇ ಗೊತ್ತು. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ಶಾಲೆಯ ಎನ್‌ಸಿಸಿಯಲ್ಲಿ ಮೊದಲು ಬಂದೂಕು ಹಿಡಿದ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಅದೇ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಮಕ್ಕಳು ಬಂದೂಕು ಮುಟ್ಟಿದರೆ ಕೆಟ್ಟೇ ಹೋಗುತ್ತಾರೆ ಎನ್ನುವವರು ಈ ಮೂವರನ್ನು ನೆನಪಿಡಬೇಕು.

ಹಾಗಾದರೆ ಶಾಲೆಯಲ್ಲಿ ರಕ್ತ ಹರಿಸುವ ಆಯುಧ ಬರುವುದು ಎಲ್ಲಿಂದ?

2007ರ ಡಿಸೆಂಬರಿನಲ್ಲಿ ಗುರುಗ್ರಾಮದ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗರು ಸಹಪಾಠಿಯನ್ನು ಗುಂಡಿಟ್ಟು ಕೊಂದರು. ಆ ಪಿಸ್ತೂಲು ಒಬ್ಬ ಹುಡುಗನ ತಂದೆಯದು. ಶಾಲೆಯ ಶಸ್ತ್ರಾಗಾರದಿಂದ ಬಂದದ್ದಲ್ಲ, ಮನೆಯಿಂದ ಚೀಲದಲ್ಲಿ ಬಂದದ್ದು. 2025ರ ಮೇ ತಿಂಗಳಲ್ಲಿ, ರಜೆಯ ದಿನಗಳಲ್ಲಿ, ಹುಬ್ಬಳ್ಳಿಯಲ್ಲಿ ಆರನೇ ತರಗತಿಯ ಹುಡುಗನೊಬ್ಬ ಜೊತೆಗೆ ಆಡುತ್ತಿದ್ದ ತನಗಿಂತ ದೊಡ್ಡ ಹುಡುಗನಿಗೆ ಚಾಕು ಹಾಕಿದ. ಆ ಮಗು ಉಳಿಯಲಿಲ್ಲ.

2024ರ ಆಗಸ್ಟ್ 16ರ ಉದಯಪುರದ ಘಟನೆಯನ್ನು ನಾವು ಮರೆಯಬಾರದು. ಸರಕಾರಿ ಶಾಲೆಯ ಹತ್ತನೇ ತರಗತಿಯ ಹುಡುಗನೊಬ್ಬ ಸಹಪಾಠಿಗೆ ಚೂರಿಯಿಂದ ಇರಿದ. ಇರಿದವನು ಮುಸ್ಲಿಂ, ಇರಿತಕ್ಕೆ ಒಳಗಾದವನು ಹಿಂದೂ. ಊರಿನಲ್ಲಿ ವಾಹನಗಳು ಉರಿದವು, ಇಂಟರ್ನೆಟ್ ನಿಂತಿತು. ಮರುದಿನವೇ ಆರೋಪಿಯ ಕುಟುಂಬ ಇದ್ದ ಮನೆಯನ್ನು ಬುಲ್ಡೋಜರ್ ಕೆಡವಿತು. ಆ ಮನೆ ಅವರದಲ್ಲ, ಬಾಡಿಗೆಯದು. 19ರಂದು ಗಾಯಗೊಂಡ ಹುಡುಗ ತೀರಿಕೊಂಡ. ನೋಟಿಸು ಕೊಡದೆ, ಆರೋಪ ಬಂತೆಂದು ಮನೆ ಕೆಡವುವಂತಿಲ್ಲ ಎಂದು ಸುಪ್ರೀಂ ಕೋರ್ಟು ನವೆಂಬರ್ 13ರಂದು ತೀರ್ಪು ಕೊಟ್ಟಿತು. ಒಬ್ಬ ಉಮ್ಮ ತಲೆ ಎತ್ತಿ ನಡೆಯದಂತಾಯಿತು, ಇನ್ನೊಬ್ಬ ತಾಯಿಗೆ ಮಗನೇ ಇಲ್ಲವಾದ. ಮನೆ ಕೆಡವಿದ್ದು ಅನ್ಯಾಯ ಎಂದು ಹೇಳುವ ನಾವು ಮೊದಲು ಆ ತಾಯಿಯನ್ನು ನೆನೆಯಬೇಕು.

ಕಾನೂನನ್ನೂ ತಿಳಿದಿರೋಣ. 1959ರ ಆಯುಧ ಕಾಯ್ದೆಯ ಪ್ರಕಾರ 21 ವರ್ಷದೊಳಗಿನವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹನ್ನೆರಡು ದಾಟಿದವರು ಗುರಿ ಕಲಿಯಬಹುದು, ಅದೂ ಹಿರಿಯರ ಕಣ್ಣೆದುರು. ಕತ್ತಿ, ಕಠಾರಿಗಳ ಜೊತೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚೂರಿಗಳನ್ನೂ ನಿಯಮಗಳು ಆಯುಧವೆಂದೇ ಪಟ್ಟಿ ಮಾಡಿವೆ. ಅಡುಗೆಗೆ, ಬೇಸಾಯಕ್ಕೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಕೊಲ್ಹಾಪುರದಲ್ಲಿ ಕಬ್ಬು ಕಡಿಯುವ ಕೊಯ್ತಾ, ನಮ್ಮಲ್ಲಿ ತೆಂಗಿನಕಾಯಿ ಕೆತ್ತುವ ಕತ್ತಿ, ಮೀನು ಕೊಯ್ಯುವ ಚೂರಿ ಎಲ್ಲ ಮನೆಯಲ್ಲೂ ಇರುತ್ತವೆ. ಇವುಗಳಿಗೆ ಲೈಸೆನ್ಸು ಬೇಡ, ರಿಜಿಸ್ಟರು ಇಲ್ಲ. ಶಾಲಾ ಚೀಲಕ್ಕೆ ಸೇರುವುದು ಸುಲಭ ಆಗಿರುವುದೂ ಇದರಿಂದಲೇ. ಹದಿನೆಂಟು ತುಂಬದವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ, ನಿಜ. ಆದರೆ ಘೋರ ಅಪರಾಧವಾದರೆ, ಹದಿನಾರು ದಾಟಿದವನನ್ನು ದೊಡ್ಡವರಂತೆ ವಿಚಾರಿಸಲು 2015ರ ಕಾಯ್ದೆ ದಾರಿ ಬಿಟ್ಟಿದೆ. ತಲವಾರು ಹಿಡಿದು ರೀಲ್ಸ್ ಮಾಡಿದ ಹುಡುಗರ ಮೇಲೂ ಕೇಸು ಬೀಳುವುದನ್ನು ಆಗಾಗ ಓದುತ್ತೇವೆ. ಬಾಪ ಗಲ್ಫಿನಲ್ಲಿ, ಉಮ್ಮ ಒಬ್ಬಳೇ ಮನೆಯಲ್ಲಿ ಇರುವ ಕುಟುಂಬಕ್ಕೆ ಅಂಥ ಒಂದು ಕೇಸು ಎಂದರೆ ವರ್ಷಗಟ್ಟಲೆ ಕೋರ್ಟಿನ ಅಲೆದಾಟ.

ಕೊಲ್ಹಾಪುರದ ಇತಿಹಾಸದಿಂದ ನಾವು ತೆಗೆದುಕೊಳ್ಳಬೇಕಾದದ್ದು ಇಷ್ಟು. ಗಡಕರಿಯ ಮನೆಯಲ್ಲಿ ಕತ್ತಿಗೆ ಅಪ್ಪನ ಕಾವಲಿತ್ತು. ತಾಲೀಮಿನಲ್ಲಿ ವಸ್ತಾದನ ಕಾವಲು, ಎನ್‌ಸಿಸಿಯಲ್ಲಿ ರಿಜಿಸ್ಟರಿನ ಕಾವಲು. ಹುಡುಗನ ಚೀಲದೊಳಗಿನ ಚೂರಿಗೆ ಯಾರ ಕಾವಲೂ ಇಲ್ಲ. ಶಾಲೆಯ ಗೇಟಿನಲ್ಲಿ ಚೀಲ ತಪಾಸಣೆ ಮಾಡಬಹುದು, ಮಾಡಲಿ. ಅದಕ್ಕೂ ಮೊದಲಿನ ಗೇಟು ನಮ್ಮ ಮನೆಯ ಬಾಗಿಲು. ಬೆಳಿಗ್ಗೆ ಬುತ್ತಿ ಇಡುವಾಗ ಚೀಲದ ಒಳಗೆ ಒಮ್ಮೆ ಕಣ್ಣಾಡಿಸುವುದು ಮಗನ ಮೇಲಿನ ಅನುಮಾನ ಅಲ್ಲ. ಚೂರಿ ಸಿಕ್ಕಿದರೆ ಬೆತ್ತ ತೆಗೆಯುವ ಮೊದಲು ‘ನಿನಗೆ ಯಾರ ಹೆದರಿಕೆ ಮೋನೇ?’ ಎಂದು ಕೇಳಬೇಕು. ಚೂರಿ ಇಟ್ಟುಕೊಳ್ಳುವ ಹುಡುಗರಲ್ಲಿ ಹೆದರಿದವರೂ ಇರುತ್ತಾರೆ. ಆ ಹೆದರಿಕೆ ಮನೆಯಲ್ಲಿ ಬಾಯಿಬಿಟ್ಟರೆ ಟೀಚರ ಹತ್ತಿರ ಹೋಗಿ ಮಾತಾಡಬಹುದು, ಜಮಾಅತಿನ ಹಿರಿಯರಿಗೆ ತಿಳಿಸಬಹುದು. ಗುರಿ ಹೊಡೆಯುವ ಆಸೆ ಇರುವ ಮಕ್ಕಳಿಗೆ ಎನ್‌ಸಿಸಿ ಇದೆ, ಶೂಟಿಂಗ್ ಕ್ಲಬ್ಬುಗಳಿವೆ. ನಮ್ಮ ಹುಡುಗಿಯರೂ ಸೇರಲಿ.