ವೈರಸ್ ಸೋಂಕು ಮತ್ತು ಜೀವಕೋಶದ ಚಯಾಪಚಯ: ಅಧ್ಯಯನದ ಇತಿಹಾಸ

ವೈರಸ್‌ಗೆ ಸ್ವಂತ ಚಯಾಪಚಯವಿಲ್ಲ. ಅದು ಉಸಿರಾಡುವುದಿಲ್ಲ, ಸಕ್ಕರೆ ಒಡೆದು ಶಕ್ತಿ ಪಡೆಯುವುದಿಲ್ಲ; ಹೊಕ್ಕ ಜೀವಕೋಶದಲ್ಲಿ ಸಿಕ್ಕಿದ್ದರಿಂದಲೇ ತನ್ನ ಪ್ರತಿಗಳನ್ನು ಕಟ್ಟಿಕೊಳ್ಳಬೇಕು. ಹಾಗಾಗಿ ಅದು ಇದ್ದದ್ದನ್ನು ಉಂಡು ಮುಗಿಸುವ ಪರಾವಲಂಬಿಯಷ್ಟೇ, ಕೋಶದ ರಾಸಾಯನಿಕ ವ್ಯವಹಾರವನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ ಎಂದುಕೊಳ್ಳುವುದು ಸುಲಭ. ಸೋಂಕಿತ ಕೋಶಗಳಲ್ಲಿ ಬದಲಾವಣೆ ಕಂಡಾಗಲೂ ಅದು ವೈರಸ್ ಮಾಡಿದ್ದೋ, ಪೆಟ್ಟು ತಿಂದ ಕೋಶ ತಾನಾಗಿ ತೋರಿದ ಪ್ರತಿಕ್ರಿಯೆಯೋ ಎಂಬ ಪ್ರಶ್ನೆ ಉಳಿಯುತ್ತಿತ್ತು. ಈ ಕ್ಷೇತ್ರದ ಚರಿತ್ರೆ ಬಹುಮಟ್ಟಿಗೆ ಆ ಪ್ರಶ್ನೆಯದೇ. ಅಳತೆಗಳು ಎಷ್ಟು ನಿಖರವಾದರೂ ಅದನ್ನು ಬಗೆಹರಿಸಲಿಲ್ಲ. ಬಗೆಹರಿಸಿದ್ದು ವೈರಸ್ಸಿನ ಒಂದೊಂದೇ ಜೀನನ್ನು ಕೆಡಿಸಿ ನೋಡಿದ ಪ್ರಯೋಗಗಳು.

ಬರಿಯ ಅಳತೆ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ 1925ರ ಒಂದು ಪ್ರಯೋಗ ಸಾಕ್ಷಿ. ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ, ಒಂದು ರೆಕ್ಕೆಯಲ್ಲಿ ಮಾತ್ರ ರೌಸ್ ಸಾರ್ಕೋಮಾ ಗೆಡ್ಡೆ ಬೆಳೆದಿದ್ದ ಕೋಳಿಯ ಎರಡೂ ರೆಕ್ಕೆಗಳಿಂದ ಹಿಂದಿರುಗುವ ರಕ್ತವನ್ನು ತೆಗೆದು ಹೋಲಿಸಿದರು. ಗೆಡ್ಡೆಯ ಕಡೆಯ ರಕ್ತದಲ್ಲಿ ಗ್ಲೂಕೋಸ್ ಕಡಿಮೆ, ಲ್ಯಾಕ್ಟಿಕ್ ಆಮ್ಲ ಹೆಚ್ಚು ಇತ್ತು. ಕೋಶವಿಲ್ಲದ ಸೋಸಿದ ದ್ರವದಿಂದಲೇ ಈ ಗೆಡ್ಡೆ ಹರಡುತ್ತದೆಂದು ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. ಆದರೂ ಆ ವ್ಯತ್ಯಾಸವನ್ನು ವೈರಸ್ಸಿನ ಲೆಕ್ಕಕ್ಕೆ ಬರೆಯುವಂತಿರಲಿಲ್ಲ, ಏಕೆಂದರೆ ಗೆಡ್ಡೆಗಳೆಲ್ಲ ಹೀಗೆಯೇ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆಂದು ಓಟೊ ವಾರ್‌ಬರ್ಗ್ ಅಷ್ಟರಲ್ಲಿ ಹೇಳಿಯಾಗಿತ್ತು. ಉತ್ತರ ಬಂದದ್ದು 1971ರಲ್ಲಿ. ಸ್ಟೀವನ್ ಮಾರ್ಟಿನ್ ಮತ್ತು ಸಂಗಡಿಗರು, ಕಡಿಮೆ ಉಷ್ಣತೆಯಲ್ಲಿ ಮಾತ್ರ ಕೋಶವನ್ನು ಕ್ಯಾನ್ಸರಿನ ದಾರಿಗೆ ತಿರುಗಿಸಬಲ್ಲ ರೌಸ್ ವೈರಸ್ಸಿನ ರೂಪಾಂತರಿಯನ್ನು ಬಳಸಿದರು. ಉಷ್ಣತೆ ಬದಲಾದಂತೆ ಅದೇ ಕೋಶಗಳು ಸಕ್ಕರೆ ಹೀರುವ ವೇಗವೂ ಬದಲಾಯಿತು. ಕೋಶವನ್ನು ಹಾಗೆ ತಿರುಗಿಸುವ ಜೀನು ಮೂಲತಃ ಕೋಳಿಯದೇ, ವೈರಸ್ ಅದನ್ನು ಎಂದೋ ಎತ್ತಿಕೊಂಡದ್ದು ಎಂದು 1976ರಲ್ಲಿ ತಿಳಿದದ್ದು ಈ ಕಥೆಯ ವಿಚಿತ್ರ ತಿರುವು.

ನಿರ್ಣಾಯಕ ಕೆಲಸ ಮೊದಲು ನಡೆದದ್ದು ಬ್ಯಾಕ್ಟೀರಿಯಗಳಿಗೆ ತಗಲುವ ಫೇಜ್ ವೈರಸ್‌ಗಳಲ್ಲಿ. 1940ರ ದಶಕದಲ್ಲಿ ಸೀಮೋರ್ ಕೋಹೆನ್ ಮತ್ತು ಥಾಮಸ್ ಆಂಡರ್ಸನ್, ಟಿ2 ಫೇಜ್ ತಗುಲಿದ ಇ. ಕೋಲೈ ಬ್ಯಾಕ್ಟೀರಿಯ ಎಷ್ಟು ಆಮ್ಲಜನಕ ಬಳಸುತ್ತದೆಂದು ಅಳೆದರು. ಸೋಂಕಿನ ಗಳಿಗೆಯಲ್ಲಿ ಇದ್ದ ವೇಗವೇ ಮುಂದುವರಿಯಿತು. ಏರಲೂ ಇಲ್ಲ, ಕುಸಿಯಲೂ ಇಲ್ಲ. ವೈರಸ್ ಕೋಶವನ್ನು ಇದ್ದಂತೆಯೇ ಬಳಸಿಕೊಳ್ಳುತ್ತದೆ ಎನ್ನುವವರಿಗೆ ಇದು ಅನುಕೂಲವಾದ ಫಲಿತಾಂಶ. ಆದರೆ 1952ರಲ್ಲಿ ವಯಾಟ್ ಮತ್ತು ಕೋಹೆನ್ ಈ ಫೇಜ್‌ನ ಡಿಎನ್ಎಯಲ್ಲಿ ಸೈಟೊಸಿನ್ ಇರಬೇಕಾದ ಕಡೆ ಹೈಡ್ರಾಕ್ಸಿಮೀಥೈಲ್‌ಸೈಟೊಸಿನ್ ಎಂಬ ಬೇರೆಯೇ ಘಟಕ ಇರುವುದನ್ನು ಕಂಡರು. ಬ್ಯಾಕ್ಟೀರಿಯದಲ್ಲಿ ಅದು ಇಲ್ಲ. ಹಾಗಿದ್ದರೆ ಬಂದದ್ದೆಲ್ಲಿಂದ? 1957ರಲ್ಲಿ ಜೋಯೆಲ್ ಫ್ಲಾಕ್ಸ್ ಮತ್ತು ಕೋಹೆನ್ ಆ ಘಟಕವನ್ನು ತಯಾರಿಸುವ ಕಿಣ್ವವನ್ನು ಗುರುತಿಸಿದರು: ಸೋಂಕಿಗೆ ಮುಂಚೆ ಅದರ ಸುಳಿವಿಲ್ಲ, ಸೋಂಕಾದ ಕೆಲವೇ ನಿಮಿಷಗಳಲ್ಲಿ ಅದು ಹಾಜರು. 1959ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಗುಂಪು ಇನ್ನಷ್ಟು ಹೊಸ ಕಿಣ್ವಗಳನ್ನು ಪತ್ತೆಹಚ್ಚಿತು. ಅವುಗಳಲ್ಲೊಂದು, ಡಿಎನ್ಎ ಕಟ್ಟಲು ಸಿದ್ಧವಾಗಿರುವ ಮೂರು ಫಾಸ್ಫೇಟಿನ ಸೈಟೊಸಿನ್ ಘಟಕದಿಂದ ಎರಡು ಫಾಸ್ಫೇಟ್ ಕಿತ್ತು ಅದನ್ನು ನಿರುಪಯೋಗಿ ಮಾಡುತ್ತದೆ. ಉಳಿದ ಒಂದು ಫಾಸ್ಫೇಟಿನ ರೂಪವೇ ಫ್ಲಾಕ್ಸ್ ಕಂಡ ಕಿಣ್ವಕ್ಕೆ ಕಚ್ಚಾವಸ್ತು. ಒಂದೇ ಏಟಿಗೆ ಬ್ಯಾಕ್ಟೀರಿಯದ ಡಿಎನ್ಎಗೆ ಸಾಮಗ್ರಿ ತಪ್ಪುತ್ತದೆ, ಫೇಜ್‌ನ ಡಿಎನ್ಎಗೆ ದೊರೆಯುತ್ತದೆ. ಇದನ್ನು ಬರಿಯ ಸುಲಿಗೆ ಎನ್ನಲಾಗದು. ಇಲ್ಲಿ ಉತ್ಪಾದನೆಯ ದಾರಿಯನ್ನೇ ತಿರುಗಿಸಲಾಗಿದೆ.

ಆಗಲೂ ಆಕ್ಷೇಪಕ್ಕೆ ಎಡೆಯಿತ್ತು. ಬ್ಯಾಕ್ಟೀರಿಯದಲ್ಲೇ ಸುಪ್ತವಾಗಿದ್ದ ಕಿಣ್ವವನ್ನು ಸೋಂಕು ಎಚ್ಚರಿಸಿರಬಹುದಲ್ಲ? ಇದು ತರ್ಕಬದ್ಧ ಸಂದೇಹ, ಕಿಣ್ವ ಹೆಚ್ಚಿದ್ದನ್ನು ಎಷ್ಟು ಸಲ ಅಳೆದರೂ ತೀರುವಂಥದ್ದಲ್ಲ. 1962ರಲ್ಲಿ ಜಾನ್ ವೈಬರ್ಗ್ ಮತ್ತು ಸಂಗಡಿಗರು, ಟಿ2ರ ಹತ್ತಿರದ ಸಂಬಂಧಿಯಾದ ಟಿ4 ಫೇಜ್‌ನ 42ನೆಯ ಜೀನ್ ಕೆಟ್ಟಾಗ ಫ್ಲಾಕ್ಸ್ ಕಂಡ ಕಿಣ್ವದ ಚಟುವಟಿಕೆ ಕಾಣುವುದಿಲ್ಲವೆಂದು ತೋರಿಸಿದರು. ಆದರೆ ಎಚ್ಚರಿಸುವ ಕೆಲಸವೇ ಆ ಜೀನಿನದ್ದಿರಬಹುದು ಎಂದು ಹಟಮಾರಿ ವಿಮರ್ಶಕ ಇನ್ನೂ ವಾದಿಸಬಹುದಿತ್ತು. 1964ರಲ್ಲಿ ವೈಬರ್ಗ್ ಮತ್ತು ಬ್ಯುಕ್ಯಾನನ್ ಆ ಬಾಗಿಲನ್ನೂ ಮುಚ್ಚಿದರು: ಉಷ್ಣತೆ ತಾಳದ ರೂಪಾಂತರಿ ಫೇಜ್ ತಗುಲಿದ ಬ್ಯಾಕ್ಟೀರಿಯದಿಂದ ತೆಗೆದ ಕಿಣ್ವವೇ ಬಿಸಿಗೆ ಬೇಗ ಕೆಡುತ್ತಿತ್ತು. ಕಿಣ್ವದ ರಚನೆಯೇ ಫೇಜ್‌ನ ಜೀನಿನಲ್ಲಿ ಬರೆದಿದೆ ಎನ್ನದೆ ಇದಕ್ಕೆ ವಿವರಣೆಯಿಲ್ಲ.

2003ರಲ್ಲಿ ಚರ್ಚೆ ಕಡಲಿಗೆ ಸರಿಯಿತು. ನಿಕೊಲಸ್ ಮ್ಯಾನ್ ತಂಡ, ಸಮುದ್ರದ ಸಯನೊಬ್ಯಾಕ್ಟೀರಿಯಗಳಿಗೆ ತಗಲುವ ಫೇಜ್‌ನಲ್ಲಿ ದ್ಯುತಿಸಂಶ್ಲೇಷಣೆಯ ಜೀನ್‌ಗಳನ್ನು ಕಂಡಿತು. ಬೆಳಕನ್ನು ಹಿಡಿಯುವ ವ್ಯವಸ್ಥೆಯ ಡಿ1 ಪ್ರೋಟೀನ್ ಬೆಳಕಿನಿಂದಲೇ ಸದಾ ಹಾಳಾಗುತ್ತ, ಸದಾ ಹೊಸದಾಗುತ್ತ ಇರಬೇಕು. ಆತಿಥೇಯ ಕೋಶದ ಜೀನ್‌ಗಳು ಮೌನವಾದ ಮೇಲೆ ಆ ದುರಸ್ತಿ ನಿಲ್ಲುತ್ತದೆ, ಫೇಜ್ ತನ್ನ ಜೀನಿನಿಂದ ಅದನ್ನು ಪೂರೈಸುತ್ತದೆ ಎಂಬುದು ವಾದ. ವೈರಸ್‌ಗಳು ದಾರಿಯಲ್ಲಿ ಸಿಕ್ಕ ಜೀನ್‌ಗಳನ್ನು ಹೊತ್ತು ತಿರುಗುವುದುಂಟು, ಇದ್ದಮಾತ್ರಕ್ಕೆ ಕೆಲಸ ಮಾಡುತ್ತವೆಂದಲ್ಲ ಎಂದು ಯಾರಾದರೂ ಹೇಳಬಹುದು. 2005ರಲ್ಲಿ ಡೆಬ್ಬಿ ಲಿಂಡೆಲ್ ಮತ್ತು ಸಂಗಡಿಗರು ಸೋಂಕಿನ ಹೊತ್ತಿನಲ್ಲಿ ಆ ಜೀನ್ ನಿಜಕ್ಕೂ ಪ್ರೋಟೀನ್ ಆಗುತ್ತದೆಂದು ತೋರಿಸಿದರು. 2016ರಲ್ಲಿ ರಿಚರ್ಡ್ ಪಕ್ಸ್‌ಟಿ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸೋಂಕಿತ ಕೋಶದಲ್ಲಿ ಬೆಳಕಿನಿಂದ ಶಕ್ತಿ ಪಡೆಯುವ ಕೆಲಸ ನಡೆದೇ ಇರುತ್ತದೆ, ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕೆಲಸ ಮಾತ್ರ ಕುಂಠಿತವಾಗುತ್ತದೆ. ಸಾಯುತ್ತಿರುವ ಕೋಶದ ಒಟ್ಟಾರೆ ಕುಸಿತವಾಗಿದ್ದರೆ ಒಂದು ಉಳಿದು ಇನ್ನೊಂದು ನಿಲ್ಲುತ್ತಿರಲಿಲ್ಲ.

ಮನುಷ್ಯನ ವೈರಸ್‌ಗಳ ಮಟ್ಟಿಗೆ ಸಾಕ್ಷ್ಯ ಹೆಚ್ಚು, ಗೊಂದಲವೂ ಹೆಚ್ಚು. ಜೋಶುವಾ ಮಂಗರ್ ಮತ್ತು ಸಂಗಡಿಗರು 2008ರಲ್ಲಿ, ಸೈಟೊಮೆಗಾಲೊವೈರಸ್ ತಗುಲಿದ ಕೋಶ ಕೊಬ್ಬಿನಾಮ್ಲ ತಯಾರಿಕೆಯನ್ನು ಏರಿಸುತ್ತದೆ, ಅದನ್ನು ತಡೆಯುವ ಔಷಧ ವೈರಸ್ಸಿನ ವೃದ್ಧಿಯನ್ನೂ ತಡೆಯುತ್ತದೆ ಎಂದರು. ಔಷಧದ ಪುರಾವೆ ದುರ್ಬಲ, ಏಕೆಂದರೆ ಕೋಶಕ್ಕೇ ಬೇಕಾದದ್ದನ್ನು ತಡೆದರೆ ಅದರೊಳಗಿನ ಯಾವ ವೈರಸ್ಸಾದರೂ ಸೊರಗೀತು. ಮಂಗರ್ ಅವರ ಪ್ರಯೋಗಾಲಯ 2019ರಲ್ಲಿ, ಸೋಂಕಿತ ಕೋಶದ ಹಲವು ಚಯಾಪಚಯ ಬದಲಾವಣೆಗಳಿಗೆ ಯುಎಲ್38 ಎಂಬ ವೈರಸ್ ಜೀನನ್ನೇ ಹೊಣೆಗಾರನೆಂದು ತೋರಿಸಿದ್ದು ಅದಕ್ಕಿಂತ ಗಟ್ಟಿ ಸಾಕ್ಷ್ಯ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ, ಡಿಎನ್ಎ ಘಟಕ ಒದಗಿಸುವ ಥೈಮಿಡಿನ್ ಕೈನೇಸ್ ಕಿಣ್ವದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಹರ್ಪಿಸ್‌ಗೆ ಕೊಡುವ ಏಸೈಕ್ಲೋವಿರ್ ಮಾತ್ರೆ ಸೋಂಕಿತ ಕೋಶದಲ್ಲಿ ಮಾತ್ರ ಚುರುಕಾಗುವುದು ಈ ಕಿಣ್ವದಿಂದಲೇ. ಪ್ರಯೋಗಾಲಯದ ತಟ್ಟೆಯಲ್ಲಿ ಚೆನ್ನಾಗಿ ವಿಭಜಿಸುವ ಕೋಶಗಳಲ್ಲಿ ಈ ಜೀನಿಲ್ಲದ ವೈರಸ್ಸೂ ಬೆಳೆಯುತ್ತದೆ. ಅಂದಮೇಲೆ ಅದು ಅನಾವಶ್ಯಕವಲ್ಲವೇ ಎಂಬ ಪ್ರಶ್ನೆ ಸಹಜ. 1989ರಲ್ಲಿ ಡೊನಾಲ್ಡ್ ಕೋಯೆನ್ ಮತ್ತು ಸಂಗಡಿಗರು ಇಲಿಗಳಲ್ಲಿ ಅದೇ ಪರೀಕ್ಷೆ ಮಾಡಿದರು. ಕಿಣ್ವವಿಲ್ಲದ ವೈರಸ್ ನರಗ್ರಂಥಿಗಳಲ್ಲಿ ಅಡಗಿ ಕೂರಬಲ್ಲದಾಗಿತ್ತು, ಮತ್ತೆ ಎದ್ದುಬರಲು ಮಾತ್ರ ಅದಕ್ಕೆ ಆಗಲಿಲ್ಲ. ವಿಭಜಿಸದ ನರಕೋಶದಲ್ಲಿ ಡಿಎನ್ಎ ಘಟಕಗಳ ದಾಸ್ತಾನು ತೀರ ಕಡಿಮೆ. ಅಲ್ಲಿ ವೈರಸ್ ತನಗೆ ಬೇಕಾದ್ದನ್ನು ತಾನೇ ಒದಗಿಸಿಕೊಳ್ಳಬೇಕು.