ಎರಡನೇ ಸಿಡಿಯ ಸಿನಿಮಾ

ವಿಸಿಡಿ ಕಾಲದ ಮಾತು. ಒಂದು ಶನಿವಾರ 'ಫ್ರಮ್ ಡಸ್ಕ್ ಟಿಲ್ ಡಾನ್' ಅನ್ನೋ ಸಿನಿಮಾನ ಬಾಡಿಗೆಗೆ ತಂದಿದ್ದೆ. ಮೊದಲ ಸಿಡಿಯಲ್ಲಿ ಬ್ಯಾಂಕ್ ದೋಚಿದ ಅಣ್ಣತಮ್ಮಂದಿರಿಬ್ಬರು ಟೆಕ್ಸಾಸ್‌ನಿಂದ ಮೆಕ್ಸಿಕೋಗೆ ಓಡ್ತಾರೆ, ದಾರಿಯಲ್ಲಿ ಸಿಕ್ಕ ಅಪ್ಪ-ಮಕ್ಕಳನ್ನು ಒತ್ತೆ ಇಟ್ಟುಕೊಂಡು. ಅಪ್ಪಟ ಕ್ರೈಂ ಕಥೆ. ಎರಡನೇ ಸಿಡಿ ಹಾಕಿದೆ ನೋಡಿ... ಬಾರಿನಲ್ಲಿ ಕುಣಿಯುತ್ತಿದ್ದವಳಿಗೆ ಕೋರೆಹಲ್ಲು ಬಂದು ಕುತ್ತಿಗೆಗೇ ಬಾಯಿ ಹಾಕಿಬಿಟ್ಟಳು! ಅಂಗಡಿಯವನು ಬೇರೆ ಯಾವುದೋ ಸಿಡಿ ತುರುಕಿ ಕಳಿಸಿದ್ದಾನೆ ಅಂತ ಕವರ್ ತಿರುಗಿಸಿ ನೋಡಿದ್ದೆ. ಅದೇ ಜಾರ್ಜ್ ಕ್ಲೂನಿ ಇದ್ದದ್ದರಿಂದ ನಂಬಲೇಬೇಕಾಯ್ತು :)

ಈ ಸಿನಿಮಾ ಹೀಗೆ ನಡುಮಧ್ಯೆ ಎರಡು ತುಂಡಾಗೋದನ್ನು ಎಲ್ಲರೂ ಕ್ವೆಂಟಿನ್ ಟರಾಂಟಿನೋನ ಕಿಡಿಗೇಡಿತನ ಅಂತಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಅದರ ಚರಿತ್ರೆ ಕೆದಕಿದರೆ ಸಿಗುವ ಮೊದಲ ಮನುಷ್ಯ ಟರಾಂಟಿನೋ ಅಲ್ಲ, ಒಬ್ಬ ಮೇಕಪ್ಪಿನವನು.

ಹೆಸರು ರಾಬರ್ಟ್ ಕರ್ಟ್ಸ್‌ಮನ್. 1988ರಲ್ಲಿ ಗ್ರೆಗ್ ನಿಕೊಟೆರೊ, ಹೊವಾರ್ಡ್ ಬರ್ಗರ್ ಜೊತೆ ಸೇರಿ ಕೆ.ಎನ್.ಬಿ. ಅನ್ನೋ ಕಂಪನಿ ಶುರುಮಾಡಿದವನು. ರಬ್ಬರಿನ ಮುಖ, ಸಕ್ಕರೆ ಪಾಕದ ರಕ್ತ, ಕತ್ತರಿಸಿದ ಕೈಕಾಲು ಇವೇ ಅವರ ಕಸುಬು. ತಮ್ಮ ಕೈಚಳಕ ತೋರಿಸೋಕೆ ಒಂದು ಸಿನಿಮಾ ಬೇಕು ಅಂತ ಕರ್ಟ್ಸ್‌ಮನ್ ತಾನೇ ಒಂದು ಕಥೆ ಹೆಣೆದ. ಅದಕ್ಕೆ ಚಿತ್ರಕಥೆ ಬರೆಯೋಕೆ ಸಿಕ್ಕವನು ವಿಡಿಯೋ ಅಂಗಡಿಯಲ್ಲಿ ಕ್ಯಾಸೆಟ್ ಕೊಡುತ್ತಿದ್ದ ಒಬ್ಬ ಮಾತಿನಮಲ್ಲ. ಸಂಭಾವನೆ 1500 ಡಾಲರ್. ಬರವಣಿಗೆಗೆ ಅಂತ ಟರಾಂಟಿನೋಗೆ ಸಿಕ್ಕ ಮೊದಲ ಕೆಲಸ ಅದು. ಅದರ ಋಣಕ್ಕೆ ಕೆ.ಎನ್.ಬಿ.ಯವರು ಆತನ 'ರಿಸರ್ವಾಯರ್ ಡಾಗ್ಸ್'ಗೆ (1992) ಮೇಕಪ್ ಮಾಡಿಕೊಟ್ಟರು. ಪೊಲೀಸಿನವನ ಕಿವಿ ಕೊಯ್ಯುವ ದೃಶ್ಯ ಇದೆಯಲ್ಲ, ಆ ಕಿವಿ ಇವರದ್ದೇ.

ಚಿತ್ರಕಥೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. 1994ರಲ್ಲಿ 'ಪಲ್ಪ್ ಫಿಕ್ಷನ್' ಬಂದು ಟರಾಂಟಿನೋ ಹೆಸರು ಎಲ್ಲರ ಬಾಯಲ್ಲೂ ಓಡಾಡತೊಡಗಿದ ಮೇಲೆ ಅದರ ನಸೀಬು ತೆರೆಯಿತು. ನಿರ್ದೇಶನ ರಾಬರ್ಟ್ ರಾಡ್ರಿಗಸ್‌ಗೆ ಹೋಯಿತು, ತಮ್ಮನ ಪಾತ್ರ ಟರಾಂಟಿನೋಗೇ. 1996ರ ಜನವರಿಯಲ್ಲಿ ಬಿಡುಗಡೆ. ಟೈಟಲ್ಲಿನಲ್ಲಿ 'ಕಥೆ' ಅಂತ ಕರ್ಟ್ಸ್‌ಮನ್ ಹೆಸರು ಬರುತ್ತೆ. ಅದನ್ನು ಓದೋರು ಯಾರು? ಈ ಸಿನಿಮಾದ ಬಗ್ಗೆ ಮಾತಾಡುವಾಗ ಆತನ ಹೆಸರೆತ್ತಿದವರನ್ನು ನಾನಂತೂ ಕಂಡಿಲ್ಲ.

ಹೀಗೆ ನೋಡಿದರೆ ಆ ಎರಡು ತುಂಡಿನ ಗುಟ್ಟು ಬಿಡುತ್ತೆ. ಮೊದಲರ್ಧ ಮಾತಿನವನದ್ದು, ಎರಡನೆಯದು ಕೈಕೆಲಸದವರದ್ದು. ಅಲ್ಲಿ ಒಂದು ಪಿಶಾಚಿ ಸತ್ತ ಹಾಗೆ ಇನ್ನೊಂದು ಸಾಯಲ್ಲ: ಒಂದು ಕರಗುತ್ತೆ, ಒಂದು ಸಿಡಿಯುತ್ತೆ, ಒಂದು ಹೊತ್ತಿ ಉರಿಯುತ್ತೆ. ಪಿಶಾಚಿಗಳ ರಕ್ತ ಹಸಿರು. ಅಷ್ಟೊಂದು ಕೆಂಪು ಹರಿದರೆ ರೇಟಿಂಗ್ ಮಂಡಳಿ ತಕರಾರು ಮಾಡೀತು ಅನ್ನೋ ಉಪಾಯ ಅದು. ಸಲ್ಮಾ ಹಯೆಕ್ ಹೆಗಲ ಮೇಲಿನ ಹಳದಿ ಹಾವು ಮಾತ್ರ ನಿಜದ್ದು. ಪಾಪ, ಆಕೆಗೆ ಹಾವು ಅಂದರೆ ಜೀವಭಯವಂತೆ. ಪಾತ್ರದ ಹೆಸರು ಬಂದದ್ದು 1975ರ 'ಸತಾನಿಕೊ ಪಾಂಡೆಮೋನಿಯಂ' ಅನ್ನೋ ಮೆಕ್ಸಿಕನ್ ಸಿನಿಮಾದಿಂದ.

ನನಗೆ ತುಂಬಾ ಇಷ್ಟವಾದ ವಿಷಯ ಬೇರೆ. ಬಾರಿನಲ್ಲಿ ಚಾಟಿ ಹಿಡಿದ ಒಬ್ಬ ಮೀಸೆಯವನಿದ್ದಾನೆ. ಆತ ಟಾಮ್ ಸವೀನಿ, 'ಡಾನ್ ಆಫ್ ದ ಡೆಡ್' (1978), 'ಫ್ರೈಡೇ ದ ಥರ್ಟೀನ್ತ್' (1980) ಸಿನಿಮಾಗಳಿಗೆ ಮೇಕಪ್ ಮಾಡಿದ ಮೇಷ್ಟ್ರು. ನಿಕೊಟೆರೊ ಕೆಲಸ ಕಲಿತದ್ದೇ 'ಡೇ ಆಫ್ ದ ಡೆಡ್'ನಲ್ಲಿ (1985) ಅವರ ಕೈಕೆಳಗೆ. ಹತ್ತು ವರ್ಷದ ಮೇಲೆ ಆ ಶಿಷ್ಯನ ಕಂಪನಿಯೇ ಗುರುವಿಗೆ ರಬ್ಬರ್ ಅಂಟಿಸಿ ಪಿಶಾಚಿ ಮಾಡಿತು!

ನೀವು ಇನ್ನೂ ನೋಡಿಲ್ಲ ಅಂದರೆ ನೋಡಿ, ಮಕ್ಕಳು ಮಲಗಿದ ಮೇಲೆ. ನೋಡಿದವರು ಇನ್ನೊಮ್ಮೆ, ಈ ಸಲ ಎರಡನೇ ಸಿಡಿಯಿಂದ...